ಉಗ್ರಾಣ ಒಂದು ಫೈಲ್‌ನೊಳಗೆ ಹಿಡಿಸುತ್ತಾ?

ಜರ್ಮನಿಯಲ್ಲಿರುವ ನಿಮಗೆ ಡಾಯ್ಚೆ ಬಾನ್ ಅಂದ ಕೂಡಲೇ ತಡವಾಗಿ ಬರೋ ರೈಲು ನೆನಪಾಗಬಹುದು. ಅದೇ ಕಂಪನಿ 2015ರಿಂದ ಬಿಡಿಭಾಗಗಳನ್ನು ತ್ರೀ-ಡಿ ಪ್ರಿಂಟ್ ಮಾಡಿಸುತ್ತಿದೆ. ಮೊದಲು ಬಂದದ್ದು ಕೋಟು ನೇತುಹಾಕುವ ಒಂದು ಕೊಕ್ಕೆ. 2023ರ ಹೊತ್ತಿಗೆ ಎಣಿಕೆ 1 ಲಕ್ಷ ಮುಟ್ಟಿತು.

ಇದರ ಹಿಂದಿನ ಲೆಕ್ಕ ಸರಳ. ರೈಲು ದಶಕಗಟ್ಟಲೆ ಓಡುತ್ತೆ. ಅದರ ಕೊಕ್ಕೆ ಮಾಡಿದ ಕಂಪನಿ ಅಷ್ಟು ವರ್ಷ ಇರಬೇಕಲ್ಲ! ಹತ್ತು ಕೊಕ್ಕೆಗೋಸ್ಕರ ಹೊಸ ಅಚ್ಚು ಮಾಡಿಸಿದರೆ ದುಬಾರಿ. ಮೊದಲೇ ಸಾವಿರ ತರಿಸಿಟ್ಟರೆ ಧೂಳು ಹಿಡಿಯುತ್ತವೆ. ಅದಕ್ಕೇ ಫೈಲ್ ಇಟ್ಟುಕೊಂಡು, ಬೇಕಾದಾಗ ಬೇಕಾದಷ್ಟೇ ಮಾಡಿಸೋದು.

ಇದಕ್ಕೆ ‘ಡಿಜಿಟಲ್ ಉಗ್ರಾಣ’ ಅಂತಾರೆ. ನನ್ನ ತಕರಾರು ಆ ಹೆಸರಿನ ಮೇಲೆ. ಉಗ್ರಾಣದ ವಸ್ತುವನ್ನು ಕೈಗೆತ್ತಿಕೊಂಡು ಜೋಡಿಸಬಹುದು. ಫೈಲ್ ಹಾಗಲ್ಲ. ಸಾರು ಮಾಡೋ ವಿಧಾನ ಬರೆದಿಟ್ಟ ಮಾತ್ರಕ್ಕೆ ಸಾರು ಕುದಿಯಲ್ಲ. ಪ್ಲಾಸ್ಟಿಕ್ ಅಥವಾ ಲೋಹದ ಪುಡಿ, ಯಂತ್ರ, ಅದನ್ನು ನಡೆಸಬಲ್ಲ ಜನ, ಆಮೇಲೆ ಪರೀಕ್ಷೆ, ಇಷ್ಟೂ ಬೇಕು. ಯುರೋಪಿನ ರೈಲಿನೊಳಗೆ ಕೂರುವ ಪ್ಲಾಸ್ಟಿಕ್ಕು ಇಎನ್ 45545 ಅನ್ನುವ ಬೆಂಕಿ ಸುರಕ್ಷತೆಯ ಮಾನದಂಡಕ್ಕೆ ಒಪ್ಪಬೇಕು. ಅಂದರೆ ದಾಸ್ತಾನು ಮಾಯವಾಗಲಿಲ್ಲ, ರೂಪ ಬದಲಿಸಿತು ಅಷ್ಟೆ.

ಹಾಗಾದರೆ ಇದು ನಿಜವಾಗಿ ಗೆಲ್ಲೋದು ಎಲ್ಲಿ? ನಿಲ್ದಾಣದ ಮೆಟ್ಟಿಲ ಕಂಬಿಗೆ ಹಾಕುವ ಬ್ರೈಲ್ ಫಲಕ ನೋಡಿ. ಒಂದೊಂದರಲ್ಲೂ ಬೇರೆ ಪ್ಲಾಟ್‌ಫಾರ್ಮು, ಬೇರೆ ದಿಕ್ಕು. ಇಂಥದ್ದನ್ನು ಮೊದಲೇ ಮಾಡಿಡೋಕಾಗಲ್ಲ. ಇಲ್ಲಿ ಪ್ರಿಂಟರ್ ಸರಿಯಾದ ಸಾಧನ. ಅದೇ ಅಂಗಡಿಯಲ್ಲಿ ಸಿಗುವ ಮಾಮೂಲಿ ಬೋಲ್ಟನ್ನು ಪ್ರಿಂಟ್ ಮಾಡಿಸಿದರೆ ದುಡ್ಡು ದಂಡ.

ದೊಡ್ಡ ಪ್ರಶ್ನೆ ಬೇರೆಯೇ ಇದೆ. ಫೈಲ್ ಯಾರದ್ದು? ಡಾಯ್ಚೆ ಬಾನ್‌ನಷ್ಟು ದೊಡ್ಡ ಸಂಸ್ಥೆ ತನ್ನ ಎಂಜಿನಿಯರ್‌ಗಳಿಂದ ಹಳೆಯ ಭಾಗವನ್ನು ಅಳೆಸಿ ಹೊಸ ನಕ್ಷೆ ಬರೆಸಬಹುದು. ನಿಮ್ಮ ಬೀದಿಯ ರಿಪೇರಿಯವರು? ಯುರೋಪಿಯನ್ ಒಕ್ಕೂಟದ 2024ರ ದುರಸ್ತಿ ನಿರ್ದೇಶನದ ಪ್ರಕಾರ, ನಿಯಮಕ್ಕೆ ಹೊಂದುವ ತ್ರೀ-ಡಿ ಪ್ರಿಂಟ್ ಭಾಗಗಳನ್ನು ಸ್ವತಂತ್ರ ರಿಪೇರಿಯವರು ಬಳಸೋದಕ್ಕೆ ತಯಾರಕರು ಅಡ್ಡಿ ಮಾಡಬಾರದು. ಒಳ್ಳೇದೇ. ಆದರೆ ‘ಅಡ್ಡಿ ಮಾಡಬೇಡಿ’ ಅನ್ನೋದು ಬೇರೆ, ‘ಫೈಲ್ ಕೊಡಿ’ ಅನ್ನೋದು ಬೇರೆ. ಬಾಗಿಲು ತೆರೆದಿದೆ, ಬೀಗದ ಕೈ ಮಾತ್ರ ಇನ್ನೊಂದು ಕೋಣೆಯದ್ದು.

ಮುಂದಿನ ಸಲ ನಿಮ್ಮ ವಾಷಿಂಗ್ ಮಷೀನು ಕೆಟ್ಟು, ‘ಪಾರ್ಟು ಸಿಗಲ್ಲ, ಹೊಸದೇ ತಗೊಳ್ಳಿ’ ಅಂತ ಯಾರಾದರೂ ಹೇಳಿದರೆ, ‘ಇದರ ಫೈಲ್ ಯಾರ ಹತ್ತಿರ ಇದೆ?’ ಅಂತ ಒಮ್ಮೆ ಕೇಳಿ ನೋಡಿ.