ಖಳನ ಪ್ರೇಮಕ್ಕೆ ಯಾರು ಸಾಯಬೇಕು?

ಮಾಂಗಾದ ಖಳನಾಯಕನಿಗೆ ಬಾಲ್ಯ ಬರುವುದು ಸಾಯುವ ಹೊತ್ತಿಗೆ. ಸಂಪುಟಗಟ್ಟಲೆ ಊರು ಸುಟ್ಟು, ತಲೆ ತೆಗೆದು, ನಗುತ್ತ ನಡೆದವನು ನೆಲಕ್ಕೆ ಬಿದ್ದ ಕೂಡಲೇ ಪುಟದ ಅಂಚು ಬಿಳಿಯಿಂದ ಕಪ್ಪಿಗೆ ತಿರುಗುತ್ತದೆ. ಹಿಂದಿನ ಕಥೆ ಶುರುವಾಯಿತು ಎಂದು ಓದಿ ಪಳಗಿದವರಿಗೆ ಅಷ್ಟರಲ್ಲೇ ಗೊತ್ತಾಗಿಬಿಡುತ್ತದೆ. ಒಂದು ಬಡ ಮನೆ, ಒಂದು ಅವಮಾನ, ಬಹಳ ಸಲ ಒಬ್ಬಳು ಹುಡುಗಿ. ಅವಳು ಮೆಲುಮಾತಿನವಳು, ಕಾಯಿಲೆಯವಳು, ಅಥವಾ ಎಲ್ಲರಿಗೂ ಒಳ್ಳೆಯವಳು. ನಾಲ್ಕಾರು ಪುಟ ತಿರುವುವಷ್ಟರಲ್ಲಿ ಸತ್ತಿರುತ್ತಾಳೆ. ಓದುಗ ಕಣ್ಣೊರೆಸಿಕೊಂಡು ಖಳನಿಗೆ ಮರಣೋತ್ತರ ನಡತೆ ಪ್ರಮಾಣಪತ್ರ ಬರೆದುಕೊಡುತ್ತಾನೆ.

ನಾನು ಖಳರ ಪಕ್ಷದವನು. ನಾಯಕನ ಗೆಳೆತನ, ಛಲ, ಊಟದ ಹಸಿವು ಇವುಗಳಿಗಿಂತ ಎದುರಾಳಿಯ ಮನಸ್ಸೇ ನನ್ನನ್ನು ಮುಂದಿನ ಸಂಪುಟಕ್ಕೆ ಎಳೆದುಕೊಂಡು ಹೋಗುತ್ತದೆ. ಅವನಿಗೆ ಪ್ರೇಮ ಕೊಡುವುದಕ್ಕೂ ನನ್ನ ತಕರಾರಿಲ್ಲ. ತಕರಾರು ಇರುವುದು ಆ ಹುಡುಗಿಯ ವಿಷಯದಲ್ಲಿ. ಅವಳು ಸಾಯುವುದಕ್ಕೆಂದೇ ಕಥೆಯೊಳಗೆ ಬಂದಿದ್ದರೆ ಅದು ಅವನೊಬ್ಬನ ದುಃಖ. ಅದನ್ನು ದುರಂತ ಪ್ರೇಮ ಎಂದು ಕರೆಯಲು ಇನ್ನೊಬ್ಬರೂ ಬೇಕಲ್ಲ.

‘ನರುಟೊ’ದ ಓಬಿಟೊನನ್ನೇ ನೋಡಿ. ಕಿಶಿಮೊತೊ ಮಸಾಶಿ 1999ರಿಂದ 2014ರ ತನಕ 72 ಸಂಪುಟ ಬರೆದ ಕಥೆಯಲ್ಲಿ ಮಹಾಯುದ್ಧ ಹೊತ್ತಿಸಿದ ಮುಖವಾಡದ ಮನುಷ್ಯ ಇವನು. ಇಡೀ ಜಗತ್ತನ್ನು ಮುಗಿಯದ ಕನಸಿಗೆ ತಳ್ಳಬೇಕೆಂಬ ಅವನ ಹಟದ ಬುಡದಲ್ಲಿ ಇರುವುದು ರಿನ್ ಎಂಬ ಹುಡುಗಿಯ ಸಾವು. ಗೆಳೆಯ ಕಕಾಶಿಯ ಕೈ ಅವಳ ಎದೆಯನ್ನು ಸೀಳಿದ್ದನ್ನು ಓಬಿಟೊ ಕಣ್ಣಾರೆ ಕಂಡಿದ್ದಾನೆ. ಆದರೆ ರಿನ್ ಅಲ್ಲಿ ಸುಮ್ಮನೆ ಕೊಲೆಯಾದವಳಲ್ಲ. ಶತ್ರುಗಳು ತನ್ನೊಳಗೆ ಮೃಗವೊಂದನ್ನು ಕೂಡಿಹಾಕಿ ತನ್ನ ಊರನ್ನೇ ನಾಶಮಾಡಲು ಕಳಿಸುತ್ತಿದ್ದಾರೆ ಎಂದು ತಿಳಿದು ತಾನಾಗಿಯೇ ಆ ಕೈಗೆ ಅಡ್ಡ ಬಂದವಳು. ಅಂದರೆ ಅವಳು ಒಂದು ತೀರ್ಮಾನ ಮಾಡಿದಳು, ಓಬಿಟೊ ಮಾಡಿದ ಯಾವುದೇ ತೀರ್ಮಾನಕ್ಕಿಂತ ದೊಡ್ಡದನ್ನು. ಅವಳು ಆರಿಸಿಕೊಂಡ ಸಾವನ್ನು ಸುಳ್ಳು ಮಾಡಲು ಅವನು ಜಗತ್ತನ್ನೇ ಕನಸಿಗೆ ಹಾಕಹೊರಟ. ಪ್ರೀತಿಸಿದವಳ ಮಾತನ್ನೇ ಕೇಳಿಸಿಕೊಳ್ಳದ ಪ್ರೇಮಿ! ಇಷ್ಟು ಒಳ್ಳೆಯ ಎಳೆ ಕೈಯಲ್ಲಿದ್ದೂ ಕಿಶಿಮೊತೊ ಅದನ್ನು ಎಳೆಯಲಿಲ್ಲ. ರಿನ್‌ಳ ಮನಸ್ಸಿನಲ್ಲಿ ಆ ಕ್ಷಣ ಏನಿತ್ತು ಎಂಬುದಕ್ಕೆ ಸಿಕ್ಕ ಜಾಗ ಓಬಿಟೊನ ಕಣ್ಣಿನ ಹೊಸ ಶಕ್ತಿಗೆ ಸಿಕ್ಕಿದ್ದಕ್ಕಿಂತ ಕಡಿಮೆ.

ಇದೇ ವರಸೆಯನ್ನು ಹೆಚ್ಚು ಕಸುಬುದಾರಿಕೆಯಿಂದ ಆಡಿದವರು ‘ಡೀಮನ್ ಸ್ಲೇಯರ್’ ಬರೆದ ಗೊತೊಗೆ ಕೊಯೊಹಾರು. ಅಲ್ಲಿನ ರಾಕ್ಷಸ ಅಕಾಜಾನ ಕಥೆ ಈಗ ಮಾಂಗಾ ಓದದವರಿಗೂ ಗೊತ್ತು, ಏಕೆಂದರೆ 2025ರ ‘ಇನ್ಫಿನಿಟಿ ಕ್ಯಾಸಲ್’ ಚಿತ್ರದ ಜೀವ ಅದೇ. ಸೆಪ್ಟೆಂಬರ್‌ನಲ್ಲಿ ಅದು ನಮ್ಮ ಚಿತ್ರಮಂದಿರಗಳಿಗೆ ಬಂದಾಗ ಹಿಂದಿ, ತಮಿಳು, ತೆಲುಗು ಡಬ್ಬಿಂಗ್ ಇತ್ತು, ಕನ್ನಡದ್ದು ಇರಲಿಲ್ಲ. ಆ ಮಾತು ಬೇರೆ. ಅಕಾಜಾ ಮನುಷ್ಯನಾಗಿದ್ದಾಗ ಹಕುಜಿ ಎಂಬ ಹುಡುಗ; ಎದೋ ನಗರದಲ್ಲಿ ಕಾಯಿಲೆಯ ಅಪ್ಪನ ಔಷಧಿಗಾಗಿ ಜೇಬು ಕತ್ತರಿಸುತ್ತಿದ್ದವನು. ಸಿಕ್ಕಿಬಿದ್ದಾಗಲೆಲ್ಲ ಕೈಗೆ ಅಪರಾಧಿಯ ಹಚ್ಚೆ. ಮಗ ಕಳ್ಳನಾಗಿ ತಾನು ಬದುಕುವುದು ಬೇಡವೆಂದು ಅಪ್ಪ ನೇಣು ಹಾಕಿಕೊಳ್ಳುತ್ತಾನೆ. ಗಡಿಪಾರಾದ ಹುಡುಗನನ್ನು ಕೆಯ್‌ಜೊ ಎಂಬ ಮಲ್ಲವಿದ್ಯೆಯ ಗುರು ಮನೆಗೆ ಕರೆತಂದು, ಮಲಗಿದಲ್ಲೇ ಇರುವ ಮಗಳು ಕೊಯುಕಿಯ ಶುಶ್ರೂಷೆಗೆ ಹಚ್ಚುತ್ತಾನೆ. ಹುಡುಗಿ ಗುಣವಾಗುತ್ತಾಳೆ, ಮದುವೆಯೂ ನಿಶ್ಚಯವಾಗುತ್ತದೆ. ಅಪ್ಪನ ಸಮಾಧಿಗೆ ಹೋಗಿ ಸುದ್ದಿ ಹೇಳಿ ಬರುವಷ್ಟರಲ್ಲಿ ಪಕ್ಕದ ಕತ್ತಿವರಸೆ ಶಾಲೆಯವರು ಬಾವಿಗೆ ವಿಷ ಹಾಕಿರುತ್ತಾರೆ. ಗುರು ಮತ್ತು ಕೊಯುಕಿ ಇಬ್ಬರೂ ಹೆಣ. ಹಕುಜಿ ಆ ಶಾಲೆಯ 67 ಜನರನ್ನು ಬರಿಗೈಯಲ್ಲಿ ಕೊಂದು, ಅದೇ ರಾತ್ರಿ ರಾಕ್ಷಸನಾಗಿ, ಎಲ್ಲವನ್ನೂ ಮರೆಯುತ್ತಾನೆ.

ಕಥಾಸಾರ ಓದಿದರೆ ಹಳೇ ಸರಕೇ. ಹುಡುಗಿ, ಕಾಯಿಲೆ, ಸಾವು, ರೋಷ. ಗೊತೊಗೆಯ ಕೌಶಲ ಇರುವುದು ಇದನ್ನು ಮೊದಲೇ ಚಿತ್ರದೊಳಗೆ ಹುದುಗಿಸಿಟ್ಟಿದ್ದರಲ್ಲಿ. ಅಕಾಜಾ ಕಾಳಗಕ್ಕೆ ನಿಂತಾಗ ಅವನ ಕಾಲ ಕೆಳಗೆ ಹಿಮದ ಹರಳಿನ ಆಕಾರವೊಂದು ಹರಡಿಕೊಳ್ಳುತ್ತದೆ. ಅದರಿಂದಲೇ ಅವನು ಎದುರಾಳಿಯ ಚಲನೆಯನ್ನು ಅಳೆಯುವುದು. ನಾಯಕನ ಪಕ್ಷದ ರೆಂಗೊಕುವನ್ನು ಕೊಂದ ರಾತ್ರಿಯಲ್ಲೂ ಅದೇ ಆಕಾರ. ಆಗ ಅದು ನಮಗೆ ಬರೀ ಅಲಂಕಾರ. ಬಹಳ ಕಾಲದ ಮೇಲೆ ಕೊಯುಕಿಯ ತಲೆಯಲ್ಲಿ ಅದೇ ಹಿಮದ ಹರಳಿನ ಕೂದಲ ಪಿನ್ನು ಕಾಣಿಸುತ್ತದೆ. ಅವನ ಹೊಡೆತಗಳ ಹೆಸರುಗಳು ಪಟಾಕಿಗಳವು. ಅವರಿಬ್ಬರ ಮಾತುಕತೆ ನಡೆದದ್ದೇ ಬಾಣಬಿರುಸಿನ ಹಬ್ಬದ ರಾತ್ರಿ. ಹೆಂಗಸರನ್ನು ಅವನು ಕೊಲ್ಲುವುದೂ ಇಲ್ಲ, ತಿನ್ನುವುದೂ ಇಲ್ಲ. ಏಕೆಂದು ಅವನಿಗೇ ತಿಳಿಯದು. ನೆನಪು ಅಳಿದರೂ ಮೈ ಮರೆತಿಲ್ಲ. ವಿವರಣೆ ಕೊಡುವ ಮೊದಲೇ ಸಾಕ್ಷಿ ಇಟ್ಟು, ಓದುಗ ಹಿಂದಿನ ಸಂಪುಟಗಳಿಗೆ ಮರಳಿ ಪುಟ ತಿರುಗಿಸುವಂತೆ ಮಾಡುವ ಈ ಕ್ರಮ ಎಲ್ಲ ಖಳಕಥೆಗಳಲ್ಲೂ ಸಿಗುವುದಿಲ್ಲ.

ಕೊಯುಕಿಗೂ ಒಂದು ಮಾತಿದೆ. ಅವಳು ಬದುಕುತ್ತಾಳೆಂದು ಅವಳ ತಂದೆತಾಯಿಗೇ ನಂಬಿಕೆ ಇರಲಿಲ್ಲ. ಅವಳಿಗೂ ಮುಂದಿನ ವರ್ಷವೆಂಬುದು ಕಣ್ಣಿಗೆ ಕಟ್ಟುತ್ತಿರಲಿಲ್ಲ. ಈ ವರ್ಷ ಪಟಾಕಿ ನೋಡಲಾಗದಿದ್ದರೆ ಮುಂದಿನ ವರ್ಷ, ಅದರ ಮುಂದಿನ ವರ್ಷ ಎಂದು ಸಹಜವಾಗಿ ಅಂದವನು ಹಕುಜಿ ಒಬ್ಬನೇ. ಅದಕ್ಕೇ ಅವನು ಬೇಕು ಎನ್ನುತ್ತಾಳೆ. ಯಾಕೆ ಒಪ್ಪಿದಳು ಎಂಬುದಕ್ಕೆ ಅವಳದೇ ಕಾರಣವಿದೆ. ರಿನ್‌ಗೆ ಇಷ್ಟು ಸಿಕ್ಕಿರಲಿಲ್ಲ. ಕೊನೆಗೆ ತಲೆ ಕಳೆದುಕೊಂಡರೂ ಕಾದಾಡುತ್ತಿದ್ದ ಅಕಾಜಾ ನೆನಪು ಮರಳಿದ ಮೇಲೆ ತನ್ನ ಹೊಡೆತವನ್ನು ತನಗೇ ಹೊಡೆದುಕೊಳ್ಳುತ್ತಾನೆ. ನೆನಪು ಇಲ್ಲಿ ಕಣ್ಣೀರಾಗಿ ಹರಿದುಹೋಗದೆ ಕ್ರಿಯೆಯಾಗಿ ತಿರುಗಿತು. ಅದು ಮುಖ್ಯ. ಖಳನ ಮೇಲೆ ಮರುಕ ಕನ್ನಡ ಓದುಗರಿಗೆ ಹೊಸದೇನಲ್ಲ. ಹಳಗನ್ನಡ ಕವಿ ನಾಗಚಂದ್ರನ ರಾವಣ ಮೂರ್ಛೆ ಹೋದ ಸೀತೆಯನ್ನು ಕಂಡು ಮನಸ್ಸು ತಿರುಗಿಸಿಕೊಂಡವನು, ಗೆದ್ದ ಮೇಲೆ ಅವಳನ್ನು ಒಪ್ಪಿಸಿಬಿಡುತ್ತೇನೆಂದು ಹೊರಟವನು. ಆ ತಿರುವು ಬರುವುದು ಅವನು ಬದುಕಿದ್ದಾಗ, ಯುದ್ಧ ಇನ್ನೂ ಉಳಿದಿರುವಾಗ. ಅದಕ್ಕೇ ಆ ರಾವಣನಿಗೆ ಅಷ್ಟು ತೂಕ.

ಇಷ್ಟಾದರೂ ಅಕಾಜಾನ ಕಥೆಯಲ್ಲಿ ಕೊಯುಕಿ ಬರೀ ಒಳ್ಳೆಯವಳು. ಸತ್ತ ಮೇಲೂ ಬಂದು ಅವನನ್ನು ಅಪ್ಪಿ ಸಮಾಧಾನ ಮಾಡುತ್ತಾಳೆ. ಇಷ್ಟೆಲ್ಲ ವರ್ಷ ನೀನು ಏನು ಮಾಡಿಕೊಂಡು ಬಂದೆ ಎಂದು ಒಮ್ಮೆಯೂ ಕೇಳುವುದಿಲ್ಲ. ಸತ್ತವಳು ಸಿಟ್ಟಿನಿಂದ ಎದ್ದು ಬಂದಿದ್ದರೆ?

ಆ ಪ್ರಶ್ನೆಯನ್ನು ಇದಕ್ಕೂ ಎಷ್ಟೋ ಮೊದಲೇ ತಕಾಹಾಶಿ ರುಮಿಕೊ ಕೇಳಿ ಮುಗಿಸಿದ್ದಾರೆ. 1957ರಲ್ಲಿ ನಿಗಾತಾದಲ್ಲಿ ಹುಟ್ಟಿದ, 2019ರಲ್ಲಿ ಫ್ರಾನ್ಸಿನ ಅಂಗುಲೇಮ್ ಉತ್ಸವದ ಮಹಾ ಪ್ರಶಸ್ತಿ ಪಡೆದ ತಕಾಹಾಶಿ ಜಪಾನಿಗರಿಗೆ ಮೊದಲು ಹಾಸ್ಯಗಾರ್ತಿ. ಜಗಳವಾಡುವ ಜೋಡಿಗಳು ಒಪ್ಪಿಕೊಳ್ಳಬೇಕಾದ ಮಾತನ್ನು ವರ್ಷಗಟ್ಟಲೆ ಮುಂದೂಡುವುದೇ ಅವರ ಹಾಸ್ಯದ ಬಂಡವಾಳ. ‘ಮೆಝೊನ್ ಇಕ್ಕೊಕು’ವಿನಲ್ಲಿ ಎಳೆಯ ವಿಧವೆ ಕ್ಯೊಕೊಳ ಸತ್ತ ಗಂಡನ ನೆನಪು ಹೊಸ ಪ್ರೇಮದ ನಡುವೆ ಕೂತಿದೆ, ಆದರೆ ಆ ಗಂಡನ ಮುಖವನ್ನು ತಕಾಹಾಶಿ ಒಮ್ಮೆಯೂ ತೋರಿಸುವುದಿಲ್ಲ, ಫೋಟೊಗಳಲ್ಲಿ ಕೂಡ. 1996ರಿಂದ 2008ರವರೆಗೆ ‘ಶೋನೆನ್ ಸಂಡೇ’ ವಾರಪತ್ರಿಕೆಯಲ್ಲಿ ಬಂದು 56 ಸಂಪುಟಗಳಾದ ‘ಇನುಯಾಶಾ’ದಲ್ಲಿ ಅವರು ತಿರುಗಿ ಹೊರಟರು. ಸತ್ತವಳಿಗೆ ಮುಖ ಕೊಟ್ಟರು, ಬಿಲ್ಲು ಕೊಟ್ಟರು, ಸಾಕಷ್ಟು ಕೋಪವನ್ನೂ ಕೊಟ್ಟರು.

ಕಿಕ್ಯೊ ಮಂತ್ರಮಣಿಯೊಂದನ್ನು ಕಾಯುವ ಪೂಜಾರಿಣಿ. ಇನುಯಾಶಾ ಅರ್ಧ ಮನುಷ್ಯ, ಅರ್ಧ ರಾಕ್ಷಸ. ಮಣಿಯಿಂದ ಅವನು ಪೂರ್ತಿ ಮನುಷ್ಯನಾದರೆ ಮಣಿಯ ಋಣ ತೀರಿ ತಾನೂ ಸಾಮಾನ್ಯ ಹೆಂಗಸಾಗಬಹುದು ಎಂಬುದು ಅವಳ ಆಸೆ. ಇವರಿಬ್ಬರ ನಡುವೆ ಬರುವವನು ಓನಿಗುಮೊ, ಮೈಯೆಲ್ಲ ಸುಟ್ಟು ಗುಹೆಯಲ್ಲಿ ಬಿದ್ದ ದರೋಡೆಕೋರ. ಕಿಕ್ಯೊಳ ಕೈಯಾರೆ ಗಂಜಿ ಕುಡಿದು ಬದುಕಿದವನು. ಕೈಕಾಲು ಆಡದವನಿಗೆ ಅವಳ ಮೇಲೆ ಆಸೆ. ಆ ಆಸೆಗೊಂದು ಮೈ ಬೇಕೆಂದು ತನ್ನನ್ನು ರಾಕ್ಷಸರಿಗೆ ಒಪ್ಪಿಸುತ್ತಾನೆ. ಅದರಿಂದ ಹುಟ್ಟುವವನು ನರಾಕು. ಇನುಯಾಶಾನ ರೂಪದಲ್ಲಿ ಬಂದು ಕಿಕ್ಯೊಳನ್ನು ಸೀಳುತ್ತಾನೆ, ಕಿಕ್ಯೊಳ ರೂಪದಲ್ಲಿ ಹೋಗಿ ಇನುಯಾಶಾನ ಮೇಲೆ ಬಾಣ ಬಿಡುತ್ತಾನೆ. ಇನುಯಾಶಾನ ದ್ರೋಹವೆಂದು ಕಿಕ್ಯೊ, ಕಿಕ್ಯೊಳ ದ್ರೋಹವೆಂದು ಇನುಯಾಶಾ ನಂಬುತ್ತಾರೆ. ಸಾಯುವ ಮೊದಲು ಕಿಕ್ಯೊ ಇನುಯಾಶಾನನ್ನು ಬಾಣದಿಂದ ಮರಕ್ಕೆ ನಾಟಿ 50 ವರ್ಷದ ನಿದ್ದೆಗೆ ಕಳಿಸುತ್ತಾಳೆ. ಅವಳು ಮಣಿಯ ಬಲದಿಂದ ಪ್ರಾಣ ಉಳಿಸಿಕೊಂಡಾಳು, ದ್ವೇಷದಿಂದ ಮಣಿ ಮಲಿನವಾದೀತು ಎಂದು ನರಾಕು ಲೆಕ್ಕ ಹಾಕಿರುತ್ತಾನೆ. ಅವಳೋ ಮಣಿಯನ್ನು ತನ್ನ ಚಿತೆಗೆ ಹಾಕಿಸುತ್ತಾಳೆ. ಖಳನ ಲೆಕ್ಕ ತಪ್ಪಿಸಿದ್ದು ನಾಯಕನ ಕತ್ತಿ ಅಲ್ಲ, ಅವಳ ತೀರ್ಮಾನ.

ಮುಂದೆ ಮಾಟಗಾತಿಯೊಬ್ಬಳು ಸಮಾಧಿಯ ಮಣ್ಣು, ಮೂಳೆ ಕಲಸಿ ಕಿಕ್ಯೊಳನ್ನು ಎಬ್ಬಿಸುತ್ತಾಳೆ. ಎದ್ದವಳು ಕೊಯುಕಿಯಲ್ಲ. ಸತ್ತ ಹೆಂಗಸರ ಆತ್ಮಗಳನ್ನು ಒಳಗೆಳೆದುಕೊಂಡು ಬದುಕುವ ಮಣ್ಣಿನ ಮೈ. ಇನುಯಾಶಾನನ್ನು ಅಪ್ಪಿ ನೆಲದೊಳಗಿನ ನರಕಕ್ಕೆ ಎಳೆಯಲು ನೋಡುತ್ತಾಳೆ. ನಾಯಕಿ ಕಾಗೊಮೆಯಿಂದ ಮಣಿಯ ಚೂರುಗಳನ್ನು ಕಸಿದು ತನ್ನದೇ ಹೊಂಚಿಗಾಗಿ ನರಾಕುವಿನ ಕೈಗೇ ಕೊಡುತ್ತಾಳೆ. ಅಭಿಮಾನಿಗಳು ಕಿಕ್ಯೊ ಪಕ್ಷ, ಕಾಗೊಮೆ ಪಕ್ಷ ಎಂಬ ಎರಡು ಬಣಗಳಾಗಿ ವರ್ಷಗಳ ಕಾಲ ಕಚ್ಚಾಡಿದ್ದು ಈ ಕಾರಣಕ್ಕೇ. ಯಾರೂ ರಿನ್‌ಳಿಗಾಗಿಯೋ ಕೊಯುಕಿಗಾಗಿಯೋ ಹಾಗೆ ಜಗಳವಾಡಿದ್ದನ್ನು ನಾನು ಕಂಡಿಲ್ಲ. ಜಗಳಕ್ಕೆ ಬೇಕಾದಷ್ಟು ವ್ಯಕ್ತಿತ್ವ ಅವರಿಗೆ ಕೊಟ್ಟಿದ್ದರೆ ತಾನೆ!

ನರಾಕುವಿನ ಬೆನ್ನಿನ ಮೇಲೆ ಜೇಡದ ಆಕಾರದ ಸುಟ್ಟ ಗಾಯವಿದೆ. ಎಳೆಯ ರಾಜಕುಮಾರನೊಬ್ಬನ ಸುಂದರ ಮುಖ ಕದ್ದುಕೊಂಡಿದ್ದಾನೆ, ಉದ್ದ ಕೂದಲು ಬೆನ್ನ ಮೇಲೆ ಹರಡಿಕೊಂಡಿದೆ. ಕೂದಲು ಸರಿದರೆ ಆ ಜೇಡ. ಚರ್ಮ ಕಿತ್ತು ಹಾಕಿದರೂ ಮತ್ತೆ ಮೂಡುತ್ತದೆ. ಒಳಗಿರುವ ಓನಿಗುಮೊನ ಹೃದಯ ಹೊರಗೆ ಬಿಟ್ಟ ಗುರುತು ಅದು. ಆ ಹೃದಯ ಇರುವವರೆಗೆ ಕಿಕ್ಯೊಳ ಮೇಲೆ ಕೈ ಎತ್ತಲು ಅವನಿಗೆ ಆಗದು. ಅದನ್ನು ಹೊರಗೆಸೆದು ನೋಡುತ್ತಾನೆ. ಮೈ ಕಳಚಿಕೊಳ್ಳತೊಡಗಿ ಮತ್ತೆ ಒಳಗೆ ತೆಗೆದುಕೊಳ್ಳಬೇಕಾಗುತ್ತದೆ. ಅಕಾಜಾನಲ್ಲಿ ಪ್ರೇಮ ಕೆಟ್ಟತನದ ಕೆಳಗೆ ಹೂತುಹೋದ ಒಳ್ಳೆಯ ವಸ್ತು. ನರಾಕುವಿನಲ್ಲಿ ಕೆಟ್ಟತನ ಹುಟ್ಟಿದ್ದೇ ಆ ಆಸೆಯಿಂದ. ಹೀಗಾಗಿ ಅವನ ಪ್ರೇಮವನ್ನು ಅವನ ಪರವಾಗಿ ವಾದಿಸಲು ಯಾವ ವಕೀಲನೂ ಬಳಸುವಂತಿಲ್ಲ. ಕೊನೆಗೆ ಮಣಿ ತನ್ನ ನಿಜವಾದ ಒಂದೇ ಆಸೆಯನ್ನು ಈಡೇರಿಸಲಿಲ್ಲವೆಂದೂ, ಸತ್ತರೂ ಕಿಕ್ಯೊ ಹೋದ ಕಡೆಗೆ ತಾನು ಹೋಗಲಾರೆನೆಂದೂ ಅವನು ಒಪ್ಪಿಕೊಳ್ಳುತ್ತಾನೆ. ತಕಾಹಾಶಿ ಅವನಿಗೆ ಕರುಣೆ ತೋರಿಸುತ್ತಾರೆ. ಕಿಕ್ಯೊಳಿಂದ ಕ್ಷಮೆ ಹೇಳಿಸುವುದಿಲ್ಲ. ಈ ಎರಡರ ನಡುವಿನ ಅಂತರ ಕಾಯ್ದುಕೊಂಡ ಶೋನೆನ್ (ಹುಡುಗರ) ಮಾಂಗಾ ನನಗೆ ಬೇರೆ ಸಿಕ್ಕಿಲ್ಲ.

ಇನ್ನೊಂದು ಜೋಡಿಯ ಬಗ್ಗೆ ಹೇಳದಿದ್ದರೆ ನನ್ನಂಥ ಓದುಗರು ಬಿಡುವುದಿಲ್ಲ. ನರಾಕು ತನ್ನ ಮೈಯಿಂದಲೇ ಸೃಷ್ಟಿಸಿದ ಗಾಳಿಯ ಒಡತಿ ಕಾಗುರಾ. ಅವಳ ಹೃದಯ ಅವನ ಮುಷ್ಟಿಯಲ್ಲಿ. ಅವಳಿಗೆ ಬೇಕಾಗಿರುವುದು ಬಿಡುಗಡೆ. ಕೊನೆಗೆ ನರಾಕು ಹೃದಯ ಮರಳಿಸುತ್ತಾನೆ, ಜೊತೆಗೇ ಮೈತುಂಬ ವಿಷ ತುಂಬುತ್ತಾನೆ. ಹೂಗಳ ಬಯಲಲ್ಲಿ ಅವಳು ಒಬ್ಬಳೇ ಸಾಯುತ್ತಿದ್ದಾಗ ಇನುಯಾಶಾನ ಅಣ್ಣ ಸೆಶ್ಶೊಮಾರು ಬಂದು ನಿಲ್ಲುತ್ತಾನೆ. ನರಾಕು ಇಲ್ಲವೆಂದು ನಿರಾಸೆಯೇ ಎಂದು ಅವಳು ಕೇಳಿದರೆ, ನೀನೆಂದು ತಿಳಿದೇ ಬಂದೆ ಎನ್ನುವ ಅರ್ಥದ ಒಂದು ಮಾತು ಅವನದು. ಅಷ್ಟೇ. ಅಪ್ಪುಗೆ ಇಲ್ಲ, ಹಿಂದಿನ ಕಥೆ ಇಲ್ಲ, ಕಪ್ಪು ಅಂಚಿನ ಪುಟಗಳಿಲ್ಲ. 2020ರ ಮುಂದುವರಿಕೆ ಅನಿಮೆ ‘ಯಾಶಾಹಿಮೆ’ ಅದೇ ಸೆಶ್ಶೊಮಾರುವಿಗೆ ಅವನು ಸಾಕಿ ಸಲಹಿದ ಹುಡುಗಿಯನ್ನೇ ಹೆಂಡತಿ ಮಾಡಿತು. ನನ್ನ ಮಟ್ಟಿಗೆ ಅದು ಮಾಂಗಾ ಗಳಿಸಿದ್ದನ್ನು ಕಳೆದ ಕೆಲಸ.

‘ಇನುಯಾಶಾ’ ದೋಷವಿಲ್ಲದ್ದೇನಲ್ಲ. ನಡುವಿನ ಸಂಪುಟಗಳಲ್ಲಿ ನರಾಕು ಸಿಕ್ಕಿಬೀಳುವುದು, ವಿಷದ ಹೊಗೆ ಬಿಟ್ಟು ಪರಾರಿಯಾಗುವುದು ಎಷ್ಟು ಸಲ ನಡೆಯುತ್ತದೆಂದರೆ ಅಭಿಮಾನಿಗಳಿಗೇ ಅದು ನಗೆಪಾಟಲು. ವಾರಪತ್ರಿಕೆಯ ಹೊಟ್ಟೆ ತುಂಬಿಸಲು ಕಥೆ ಎಳೆದದ್ದು ಕಾಣುತ್ತದೆ. ಕಾಗೊಮೆ ಮರದ ಮರೆಯಲ್ಲಿ ನಿಂತು ಅಳುವ ದೃಶ್ಯ ಕೂಡ ಅಗತ್ಯಕ್ಕಿಂತ ಹೆಚ್ಚು ಸಲ ಬಂದಿದೆ.

ಆದರೂ ಖಳ, ಜೋಡಿ, ದುರಂತ ಪ್ರೇಮ ಮೂರೂ ಒಟ್ಟಿಗೆ ಬೇಕೆನ್ನುವವರಿಗೆ ನಾನು ಕೊಡುವ ಪುಸ್ತಕ ಇದೇ. ಅಕಾಜಾನಿಗೆ ಚಿತ್ರವೂ ನಡೆದೀತು. ಓಬಿಟೊನ ಭಾಗವನ್ನು ಬಿಟ್ಟರೂ ನಷ್ಟವಿಲ್ಲ. ನರಾಕುವಿಗೆ ಮಾತ್ರ ಪುಟಗಳೇ ಬೇಕು. ಇಂಗ್ಲಿಷಿನಲ್ಲಿ ವಿಝ್ ಪ್ರಕಾಶನದವರು ಬಹುಪಾಲು ಮೂರು ಮೂರು ಸಂಪುಟ ಸೇರಿಸಿದ 18 ದಪ್ಪ ಪುಸ್ತಕಗಳನ್ನು ತಂದಿದ್ದಾರೆ. ನಡುವೆ ಬೇಸರವಾದರೆ ಧಾರಾಳವಾಗಿ ಹಾರಿಸಿ, ಕಾಗುರಾ ಮತ್ತು ಕಿಕ್ಯೊಳ ಸಾವುಗಳನ್ನು ಮಾತ್ರ ಹಾರಿಸಬೇಡಿ.