ಹೆಸರಿಲ್ಲದ ಪಕ್ಕವಾದ್ಯ

ನಮ್ಮ ಸಂಗೀತ ಕಚೇರಿಗಳಲ್ಲಿ ಒಂದು ಒಳ್ಳೆಯ ಮರ್ಯಾದೆಯುಂಟು. ಆಹ್ವಾನಪತ್ರಿಕೆಯಲ್ಲಿ ಗಾಯಕರ ಹೆಸರಿನ ಕೆಳಗೆ ಪಿಟೀಲು, ಮೃದಂಗ ನುಡಿಸುವವರ ಹೆಸರೂ ಅಚ್ಚಾಗುತ್ತದೆ. ಪಕ್ಕವಾದ್ಯದಿಂದಲೇ ಕೀರ್ತಿ ಗಳಿಸಿದ ಮೈಸೂರು ಟಿ. ಚೌಡಯ್ಯನವರ ನೆನಪಿಗೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಭವನವೇ ಎದ್ದು ನಿಂತಿದೆ. ಚಲನಚಿತ್ರ ಗೀತೆಯ ಮಟ್ಟಿಗೆ ಮಾತ್ರ ಈ ಮರ್ಯಾದೆ ಏಕಿಲ್ಲ?

1977ರ ‘ಸನಾದಿ ಅಪ್ಪಣ್ಣ’ವನ್ನೇ ನೋಡೋಣ. ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಎಸ್. ಜಾನಕಿಯವರ ಕಂಠಕ್ಕೆ ಬಿಸ್ಮಿಲ್ಲಾ ಖಾನರ ಶಹನಾಯಿ ಉತ್ತರ ಕೊಡುವ ಹಾಡು ಅದರಲ್ಲಿದೆ. ಕಥೆಯೇ ವಾದ್ಯಗಾರನೊಬ್ಬನದಾದುದರಿಂದ ಆ ಶಹನಾಯಿ ಬರಿಯ ಅಲಂಕಾರವಲ್ಲ, ಒಂದು ಪಾತ್ರ. ಖಾನರ ಹೆಸರನ್ನು ಯಾರೂ ಮರೆತಿಲ್ಲ. ಅದೇ ಹಾಡಿನ ಲಯವನ್ನು ಹಿಡಿದು ನಿಲ್ಲಿಸಿದ ಕೈ ಯಾರದು? ರಸಿಕರು ಹೇಳಲಾರರು. ಖಾನರ ಕೀರ್ತಿ ಸ್ಟುಡಿಯೋ ಕೊಟ್ಟದ್ದಲ್ಲ, ಅವರೇ ಹೊತ್ತು ತಂದದ್ದು.

ಇದಕ್ಕೆ ಮಗ್ಗುಲ ನಿದರ್ಶನ ಇಳಯರಾಜ. 1976ರ ‘ಅನ್ನಕ್ಕಿಳಿ’ಯಿಂದ ಸಂಗೀತ ನಿರ್ದೇಶಕರಾಗುವ ಮೊದಲು ಅವರು ವೆಂಕಟೇಶ್ ಅವರ ಸಹಾಯಕರು, ಗಿಟಾರ್ ವಾದಕರು. ಮದರಾಸಿನಲ್ಲಿ ಮುದ್ರಣವಾಗುತ್ತಿದ್ದ ಕನ್ನಡ ಹಾಡುಗಳಿಗೆ ಅವರು ದುಡಿದ ಸಂಗತಿಯನ್ನು ನಾವು ಆಡಿಕೊಳ್ಳಲು ತೊಡಗಿದ್ದು ಅವರು ದೊಡ್ಡವರಾದ ಮೇಲೆ. ಹೊರಗಿನಿಂದ ಹೆಸರು ತಂದವನು ಉಳಿದ. ಹೊರಗೆ ಹೋಗಿ ಹೆಸರು ಮಾಡಿದವನು ಉಳಿದ. ಒಳಗೇ ಕುಳಿತು ನುಡಿಸಿದವನು ಅಳಿದ.

ಇದು ನಮ್ಮೊಬ್ಬರ ಪಾಡಲ್ಲ. ಅಮೆರಿಕದ ಡೆಟ್ರಾಯಿಟ್ ನಗರದ ಮೋಟೌನ್ ಕಂಪೆನಿ 1960ರ ದಶಕದಲ್ಲಿ ತನ್ನ ಸೋಲ್ ಸಂಗೀತದಿಂದ ಲೋಕವನ್ನೇ ಕುಣಿಸಿತು. ಆ ಹಾಡುಗಳ ಬೆನ್ನೆಲುಬಾಗಿದ್ದ ಬೇಸ್ ಗಿಟಾರ್ ವಾದಕ ಜೇಮ್ಸ್ ಜೇಮರ್ಸನ್ ಮತ್ತು ಸಂಗಡಿಗರ ಹೆಸರು ಕಂಪೆನಿಯ ರೆಕಾರ್ಡಿನ ಹೊದಿಕೆಯ ಮೇಲೆ ಕಾಣಿಸಿದ್ದು 1971ರಲ್ಲಿ, ಮಾರ್ವಿನ್ ಗೇ ಹಾಡಿದ ‘ವಾಟ್ಸ್ ಗೋಯಿಂಗ್ ಆನ್’ನಲ್ಲಿ. ಜೇಮರ್ಸನ್ 1983ರಲ್ಲಿ ತೀರಿಕೊಂಡರು. ಅವರ ಬಳಗದ ಕಥೆ ಚಲನಚಿತ್ರವಾಗಿ ತೆರೆಗೆ ಬಂದದ್ದು 2002ರಲ್ಲಿ.

ನಾನಿರುವ ಅಕ್ಕಿಪೇಟೆಯ ಹೆಸರಿನಲ್ಲಿ ಅಕ್ಕಿ ಇದೆ, ಬೆಳೆದವನಿಲ್ಲ. ಅದು ಪೇಟೆಯ ರೀತಿ. ಕಲೆಗೂ ಅದೇ ರೀತಿಯಾದರೆ ವಿಮರ್ಶೆ ಇರುವುದೇತಕ್ಕೆ? ಹಾಡಿನ ರಾಗವನ್ನು ಹುಡುಕಿ ಹೇಳುವ ನಾವು ನುಡಿಸಿದವನನ್ನೂ ಹುಡುಕಬೇಡವೇ? ಪೀಠಿಕೆಯ ವಾದ್ಯ, ಚರಣಗಳ ನಡುವಣ ತುಣುಕು, ಇವನ್ನು ತೆಗೆದುಬಿಟ್ಟರೆ ನಾವು ಗುನುಗುವ ಹಾಡು ಅರ್ಧವೂ ಉಳಿಯದು. ಸಂಗೀತ ನಿರ್ದೇಶಕರ ಪ್ರತಿಭೆಗೆ ಇದರಿಂದ ಕುಂದಿಲ್ಲ. ಕಚೇರಿಯಲ್ಲಿ ಮೃದಂಗದವರನ್ನು ಹೊಗಳಿದರೆ ಗಾಯಕರೇನೂ ಸಣ್ಣವರಾಗುವುದಿಲ್ಲವಷ್ಟೆ.

ಅಂದು ನುಡಿಸಿದವರಲ್ಲಿ ಇಂದು ಉಳಿದಿರುವವರಿಗೆ ಮುಪ್ಪು ಬಂದಿದೆ. ಅವರನ್ನು ಕಂಡು, ಕೇಳಿ, ಬರೆದಿಡುವ ಕೆಲಸ ಈಗಲೇ ಆಗಬೇಕು.