ಕೆಸರು ಮೆತ್ತದ ರಾಬಿನ್‌ಹುಡ್

ಎರಾಲ್ ಫ್ಲಿನ್‌ಗೆ ನಟನೆ ಬರುತ್ತಿರಲಿಲ್ಲವಂತೆ. 1938ರ ‘ದಿ ಅಡ್ವೆಂಚರ್ಸ್ ಆಫ್ ರಾಬಿನ್‌ಹುಡ್’ ನೋಡಿದವರಲ್ಲಿ ಬಹುಪಾಲು ಮಂದಿ ಹೇಳುವುದು ಒಂದೇ ಜಾಡಿನ ಮಾತು: ಬಣ್ಣ ಸೊಗಸು, ಕಾರ್ನ್‌ಗೋಲ್ಡ್‌ನ ಸಂಗೀತ ಭರ್ಜರಿ, ಬೇಸಿಲ್ ರಾತ್‌ಬೋನ್ ಒಳ್ಳೆಯ ಖಳ, ನಾಯಕ ನೋಡಲು ಚೆಂದ, ಮಿಕ್ಕಂತೆ ಮಕ್ಕಳ ಸಿನಿಮಾ. ಮೆಚ್ಚಿದವರೂ ಕದ್ದು ಮೆಚ್ಚಿದವರ ದನಿಯಲ್ಲೇ ಮಾತಾಡುತ್ತಾರೆ. ತೆಗಳುವವರನ್ನು ಹೇಗೋ ಸಹಿಸಬಹುದು. ಹೀಗೆ ನಾಚುತ್ತ ಹೊಗಳುವವರನ್ನು ಸಹಿಸುವುದು ನನ್ನಿಂದಾಗದು.

ಈ ತೀರ್ಪಿನ ಬುಡದಲ್ಲಿರುವುದು ಒಂದು ಹಟ: ನಟ ಕಷ್ಟಪಡುವುದು ನಮ್ಮ ಕಣ್ಣಿಗೆ ಬೀಳಬೇಕು. ಗಂಟಲ ನರ ಉಬ್ಬಬೇಕು, ಕಣ್ಣು ತುಂಬಬೇಕು, ಪಾತ್ರಕ್ಕಾಗಿ ಮೈ ಇಳಿಸಿದ ಕಥೆ ಪತ್ರಿಕೆಗಳಲ್ಲಿ ಬರಬೇಕು. ಫ್ಲಿನ್ ಇದ್ಯಾವುದನ್ನೂ ಮಾಡಲಿಲ್ಲ. ನಾಟಿಂಗ್‌ಹ್ಯಾಂ ಕೋಟೆಯ ಔತಣವನ್ನು ನೆನಪಿಸಿಕೊಳ್ಳಿ. ಬೇಟೆಯ ಜಿಂಕೆಯನ್ನು ಹೆಗಲ ಮೇಲೆ ಹೊತ್ತು ಒಬ್ಬನೇ ಒಳನುಗ್ಗುತ್ತಾನೆ, ಅದನ್ನು ರಾಜಕುಮಾರ ಜಾನ್‌ನ ಮುಂದೆ ಕುಕ್ಕಿ ಊಟಕ್ಕೆ ಕೂರುತ್ತಾನೆ. ಸುತ್ತಲೂ ಶತ್ರುಗಳು. ಇವನು ತಿನ್ನುತ್ತಲೇ ಬಂಡಾಯದ ಮಾತಾಡುತ್ತಾನೆ. ಇಲ್ಲಿ ತುಸು ದನಿ ಏರಿಸಿದ್ದರೆ ರಾಬಿನ್ ಭಾಷಣಕಾರನಾಗುತ್ತಿದ್ದ. ತುಸು ಕಣ್ಣು ಮಿಟುಕಿಸಿದ್ದರೆ ವಿದೂಷಕನಾಗುತ್ತಿದ್ದ. ಸಾವು ಬಾಗಿಲಲ್ಲಿ ನಿಂತಿದೆಯೆಂಬುದೂ ಅವನಿಗೆ ಗೊತ್ತು, ಊಟ ರುಚಿಯಾಗಿದೆಯೆಂಬುದೂ ಗೊತ್ತು. ಎರಡನ್ನೂ ಒಂದೇ ಮುಖದಲ್ಲಿ ತೋರಿಸುತ್ತ, ಮೈಯಲ್ಲಿ ಒಂದಿಷ್ಟೂ ಬಿಗಿಯಿಲ್ಲದೆ ಕೂರಬಲ್ಲ ಇನ್ನೊಬ್ಬನನ್ನು ತೋರಿಸಿ ನೋಡೋಣ.

ತೋರಿಸಲು ಹೊರಟವರು ತರುವ ಹೆಸರುಗಳು ನನಗೂ ಗೊತ್ತು. ಡಗ್ಲಸ್ ಫೇರ್‌ಬ್ಯಾಂಕ್ಸ್ 1922ರ ತನ್ನ ರಾಬಿನ್‌ಹುಡ್‌ನಲ್ಲಿ ಹಾರುತ್ತಾನೆ, ಜಿಗಿಯುತ್ತಾನೆ, ಪ್ರತಿ ಜಿಗಿತದ ಕೊನೆಗೂ ಚಪ್ಪಾಳೆಗೆ ಕಾಯುತ್ತಾನೆ. 1940ರ ‘ದಿ ಮಾರ್ಕ್ ಆಫ್ ಜೋರೊ’ದಲ್ಲಿ ಟೈರೋನ್ ಪವರ್ ಫ್ಲಿನ್‌ಗಿಂತ ಚೊಕ್ಕವಾಗಿ ಕತ್ತಿ ಬೀಸುತ್ತಾನೆ, ಅಷ್ಟೇ, ಅವನಿಗೆ ಏನಾದರೂ ಆದೀತೆಂದು ನನಗೆ ಒಮ್ಮೆಯೂ ದಿಗಿಲಾಗಿಲ್ಲ. 1952ರ ‘ಸ್ಕ್ಯಾರಮೂಶ್’ನಲ್ಲಿ ಸ್ಟೂವರ್ಟ್ ಗ್ರೇಂಜರ್ ನಾಟಕಶಾಲೆಯನ್ನೆಲ್ಲ ಸುತ್ತಿ ಆರು ನಿಮಿಷಕ್ಕೂ ಮೀರಿ ಕಾದಾಡುತ್ತಾನೆ. ಅದರ ಉದ್ದವನ್ನು ಎಲ್ಲರೂ ಹೇಳುತ್ತಾರೆ, ಹೇಳಲು ಬೇರೇನೂ ಇಲ್ಲದ್ದರಿಂದ. ಇದು ಪಕ್ಷಪಾತವೆನ್ನಿ, ಅಡ್ಡಿಯಿಲ್ಲ. 1935ರಲ್ಲಿ ರಾಬರ್ಟ್ ಡೊನಾಟ್ ಕೈಬಿಟ್ಟ ‘ಕ್ಯಾಪ್ಟನ್ ಬ್ಲಡ್’ ಟಾಸ್ಮೇನಿಯಾ ಕಡೆಯ ಈ ಅನಾಮಧೇಯನ ಪಾಲಾಯಿತಲ್ಲ, ಅಂದಿನಿಂದ ಈ ಬಗೆಯ ಚಿತ್ರಗಳನ್ನೆಲ್ಲ ಅಳೆಯಲು ನನಗೆ ಇರುವುದು ಅವನೊಬ್ಬನೇ ಮೊಳಗೋಲು.

ರಾತ್‌ಬೋನ್‌ನ ವಿಷಯ ಬೇರೆ. ಮೊದಲ ಮಹಾಯುದ್ಧದಲ್ಲಿ ಮಿಲಿಟರಿ ಕ್ರಾಸ್ ಪಡೆದು ಬಂದವನು, ಕತ್ತಿವರಸೆಯಲ್ಲಿ ಫ್ಲಿನ್‌ಗಿಂತ ಎಷ್ಟೋ ಪಳಗಿದವನು. ಬೆಲ್ಜಿಯಂನ ಫ್ರೆಡ್ ಕ್ಯಾವೆನ್ಸ್ ಹೊಂದಿಸಿಕೊಟ್ಟ ರಾಬಿನ್‌ಹುಡ್‌ನ ಕೊನೆಯ ಕಾಳಗದಲ್ಲಿ, ಕಂಬದ ಮೇಲೆ ಬರೀ ನೆರಳುಗಳು ಸೆಣಸುವ ಗಳಿಗೆಯನ್ನು ಬಿಟ್ಟರೆ, ನುರಿತ ಕೈ ಯಾರದೆಂದು ಯಾರಾದರೂ ಹೇಳಬಹುದು. ಆದರೂ ಸೋಲಬೇಕಾದವನು ಅವನೇ. ಯಕ್ಷಗಾನ ನೋಡಿ ಬೆಳೆದವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ: ಎದುರು ವೇಷ ಗಟ್ಟಿಯಿಲ್ಲದಿದ್ದರೆ ಪ್ರಸಂಗ ಮೇಲೇಳುವುದಿಲ್ಲ, ಗೆಲ್ಲುವ ವೇಷ ಗೆಲುವನ್ನು ಮೊದಲೇ ಬಲ್ಲವನಂತೆ ಕುಣಿದರೆ ಆಟ ಕೆಟ್ಟಿತು. ಫ್ಲಿನ್ ನಗುತ್ತ ಕಾದಾಡುತ್ತಾನೆ, ನಿಜ. ಮೇಲುಗೈ ತಪ್ಪಿದಾಗ ಆ ನಗು ಎಷ್ಟು ಬೇಗ ಒಣಗುತ್ತದೆಂಬುದನ್ನು ಮಾತ್ರ ಯಾರೂ ಗಮನಿಸುವುದಿಲ್ಲ.

ಇನ್ನು ಇತಿಹಾಸವಿಲ್ಲವೆಂಬ ದೂರು. ಇಲ್ಲ, ಒಪ್ಪಿದೆ. ಶೆರ್‌ವುಡ್ ಕಾಡೆಂದು ತೋರಿಸಿದ್ದು ಕ್ಯಾಲಿಫೋರ್ನಿಯಾದ ಚೀಕೊ ಊರಿನ ಬಿಡ್‌ವೆಲ್ ಪಾರ್ಕನ್ನು. ಟೆಕ್ನಿಕಲರ್‌ನ ಆ ಹಸಿರು ಹನ್ನೆರಡನೇ ಶತಮಾನದ ಯಾವ ಬಣ್ಣಗಾರನ ಕೈಯಿಂದಲೂ ಬಂದಿರಲಾರದು. ಹಾಗಾದರೆ ರಿಡ್ಲಿ ಸ್ಕಾಟ್ 2010ರಲ್ಲಿ ಕೊಟ್ಟದ್ದು ಇತಿಹಾಸವೇ? ಅಲ್ಲಿ ಆಕಾಶ ಬೂದು, ಎಲ್ಲರ ಮೈಗೂ ಕೆಸರು, ರಸೆಲ್ ಕ್ರೋನ ಹುಬ್ಬು ಗಂಟು ಬಿಚ್ಚುವುದೇ ಅಪರೂಪ. ಕೊನೆಗೆ ಫ್ರೆಂಚರು ಎರಡನೇ ಮಹಾಯುದ್ಧದ ನಾರ್ಮಂಡಿ ದಾಳಿಯನ್ನು ನೆನಪಿಸುವಂಥ ದೋಣಿಗಳಲ್ಲಿ ಇಂಗ್ಲೆಂಡಿನ ದಡಕ್ಕೆ ಬಂದಿಳಿಯುತ್ತಾರೆ. ಇದನ್ನು ನುಂಗಿಕೊಂಡವರೇ ಫ್ಲಿನ್‌ನ ಬಿಗಿ ಷರಾಯಿ ಕಂಡು ನಗುತ್ತಾರೆ. ಮೈಗೆ ಕೆಸರು ಮೆತ್ತಿದರೆ ಸಾಕು, ಸುಳ್ಳಿಗೂ ಪ್ರಮಾಣಪತ್ರ ಸಿಗುತ್ತದೆ.

ಒಂದು ಕಡೆ ಮಾತ್ರ ನನ್ನ ವಾದ ಕುಂಟುತ್ತದೆ. 1936ರ ‘ದಿ ಚಾರ್ಜ್ ಆಫ್ ದಿ ಲೈಟ್ ಬ್ರಿಗೇಡ್’ ಅರ್ಧಕ್ಕರ್ಧ ನಡೆಯುವುದು ಹಾಲಿವುಡ್ ಕಟ್ಟಿಕೊಂಡ ಹಿಂದೂಸ್ತಾನದಲ್ಲಿ. ಎಲ್ಲೂ ಇಲ್ಲದ ಸೂರಿಸ್ತಾನ, ಅದಕ್ಕೊಬ್ಬ ಸೂರತ್ ಖಾನ್, ಚುಕೋಟಿಯಲ್ಲಿ ಹೆಂಗಸರು ಮಕ್ಕಳ ಕೊಲೆ. 1857ರ ಕಾನ್ಪುರವನ್ನು ಎತ್ತಿ 1854ರ ಬಾಲಕ್ಲಾವಾಕ್ಕೆ ಮೊದಲೇ ಇಟ್ಟು, ಕ್ರಿಮಿಯಾದ ಆ ದಾಳಿಗೆ ಸೇಡಿನ ನೆಪ ಹುಟ್ಟಿಸಿದ್ದಾರೆ. ರಾಬಿನ್‌ಹುಡ್‌ನ ಸುಳ್ಳು ಯಾರ ಗೋರಿಯನ್ನೂ ಕದಲಿಸುವುದಿಲ್ಲ, ಇದು ಕದಲಿಸುತ್ತದೆ. ಓಡುವ ಕುದುರೆಗಳನ್ನು ತಂತಿಯಿಂದ ಕೆಡವಿ ಕೊಂದದ್ದು ಬೇರೆ. ಇಷ್ಟೆಲ್ಲ ತಿಳಿದೂ ಕೊನೆಯ ದಾಳಿ ಶುರುವಾದರೆ ನಾನು ಎದ್ದು ಹೋಗುವವನಲ್ಲ. ಅದರ ಸಮರ್ಥನೆಗೆ ಇಳಿಯುವುದೂ ಇಲ್ಲ.

ಈ ಚಿತ್ರಗಳ ನಿರ್ದೇಶಕ ಮೈಕೆಲ್ ಕರ್ಟಿಸ್‌ಗೂ ಫ್ಲಿನ್‌ನ ಗತಿಯೇ. ಆಂಡ್ರೂ ಸ್ಯಾರಿಸ್ 1968ರ ತನ್ನ ಪ್ರಸಿದ್ಧ ವರ್ಗೀಕರಣದಲ್ಲಿ ಅವನನ್ನು ಹಗುರವಾಗಿ ಹಿಡಿಸುವವರ ಸಾಲಿಗೆ ಹಾಕಿ ಕೈತೊಳೆದುಕೊಂಡ. ಬುಡಾಪೆಸ್ಟ್‌ನ ಯಹೂದಿ ಈ ಕರ್ಟಿಸ್. ವಿಯೆನ್ನಾದಲ್ಲಿ ಹೆಸರು ಮಾಡಿದ ಯಹೂದಿ ಕಾರ್ನ್‌ಗೋಲ್ಡ್. ರಾಬಿನ್‌ಹುಡ್‌ನ ಸಂಗೀತಕ್ಕೆಂದು ಅವನು ಹಾಲಿವುಡ್‌ಗೆ ಬಂದಿದ್ದಾಗಲೇ, 1938ರ ಮಾರ್ಚ್‌ನಲ್ಲಿ, ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಈ ಚಿತ್ರವೇ ತನ್ನ ಜೀವ ಉಳಿಸಿತೆಂದು ಕಾರ್ನ್‌ಗೋಲ್ಡ್ ಮುಂದೆ ಹೇಳುತ್ತಿದ್ದ. ಎರಡು ವರ್ಷದ ಮೇಲೆ ಬಂದ ‘ದಿ ಸೀ ಹಾಕ್’ನಲ್ಲಿ ಸ್ಪೇನಿನ ದೊರೆ ಫಿಲಿಪ್‌ನ ನೆರಳು ಗೋಡೆಯ ಭೂಪಟದ ಮೇಲೆ ಹರಡುವುದನ್ನು ಕಂಡ 1940ರ ಪ್ರೇಕ್ಷಕನಿಗೆ ಅದು ಯಾರ ನೆರಳೆಂದು ಬಿಡಿಸಿ ಹೇಳಬೇಕಿರಲಿಲ್ಲ. ಇಂಥವರಿಗೆ ಆಳವಿಲ್ಲವೆಂದು ಹೇಳಲು ನಾಲಗೆಗೆ ಧೈರ್ಯ ಬೇಕು.

ಫ್ಲಿನ್‌ಗೂ ಕೊನೆಗೊಮ್ಮೆ ವಿಮರ್ಶಕರ ಪ್ರಶಂಸೆ ಸಿಕ್ಕಿತು. 1957ರ ‘ದಿ ಸನ್ ಆಲ್ಸೋ ರೈಸಸ್’ನಲ್ಲಿ ಅವನು ಕುಡಿದು ಹಾಳಾದ ಮೈಕ್ ಕ್ಯಾಂಬೆಲ್. ಮುಖ ಊದಿತ್ತು, ಕಣ್ಣು ಜೋತುಬಿದ್ದಿತ್ತು, ಅದಕ್ಕೆ ಪ್ರಸಾಧನದ ಖರ್ಚೂ ಬೀಳಲಿಲ್ಲ. ಆಗ ಎಲ್ಲರೂ ತಲೆದೂಗಿದರು. ಎರಡೇ ವರ್ಷ, ಐವತ್ತಕ್ಕೇ ಸತ್ತ. ಒಂದು ಆಸ್ಕರ್ ನಾಮನಿರ್ದೇಶನವೂ ಅವನ ಪಾಲಿಗಿರಲಿಲ್ಲ. ಎಂಟು ಚಿತ್ರಗಳಲ್ಲಿ ಅವನ ಜೊತೆಗಿದ್ದ ಒಲಿವಿಯಾ ಡಿ ಹ್ಯಾವಿಲೆಂಡ್‌ಗೆ ಎರಡು ಆಸ್ಕರ್ ಬಂದವು, ಎರಡೂ ಆ ಜೊತೆ ಮುಗಿದ ಮೇಲೆ. ಒಂದಂತೂ ‘ದಿ ಏರೆಸ್’ನ ರೂಪವಿಲ್ಲದ, ವಂಚಿತಳಾದ ಹೆಣ್ಣಿಗೆ. ಆಕೆಯನ್ನು ದೂರುವಂತಿಲ್ಲ. ಈ ಚಿತ್ರಗಳಲ್ಲಿ ಆಕೆಗೆ ಕಾಯುವುದನ್ನು ಬಿಟ್ಟು ಹೆಚ್ಚಿನ ಕೆಲಸವನ್ನೇನೂ ಕೊಟ್ಟಿರಲಿಲ್ಲ.

ಇದು ಹಾಲಿವುಡ್‌ಗಷ್ಟೇ ಅಂಟಿದ ಜಾಡ್ಯವಲ್ಲ. ಫಿಲಂ ಸೊಸೈಟಿಗಳಲ್ಲಿ ರುಚಿ ಕಲಿತ ನಾವು ಮೌನ, ಮಳೆ, ಸೋರುವ ಮಾಡು ಕಂಡರೆ ಕಲೆಯೆನ್ನುತ್ತೇವೆ. 1975ರ ‘ಮಯೂರ’ದ ಮಾತು ಬಂದರೆ ಹಾಡು, ಕನ್ನಡಾಭಿಮಾನ ಎಂದು ಎರಡು ಸಾಲು ಹೇಳಿ ದಾಟಿಬಿಡುತ್ತೇವೆ. ಗುಬ್ಬಿ ಕಂಪನಿಯ ರಂಗದಲ್ಲಿ ಪಳಗಿದ ರಾಜ್‌ಕುಮಾರ್ ಅವರ ಮೈ ಕದಂಬರ ಉಡುಗೆಯಲ್ಲಿ ಹೇಗೆ ನಿಲ್ಲುತ್ತದೆ, ಮಾತು ಶುರುವಾಗುವ ಮೊದಲೇ ಕತ್ತು ಹೇಗೆ ಸೆಟೆಯುತ್ತದೆ ಎಂದು ಒಂದು ಪುಟ ಬರೆದವರಿದ್ದರೆ ನಾನಂತೂ ಓದಿಲ್ಲ. ಕಂಪನಿ ನಾಟಕದ ಹಳೆಯ ಪ್ರೇಕ್ಷಕರು ನಟನ ಗತ್ತನ್ನು, ಠೀವಿಯನ್ನು, ನಡೆಯನ್ನು ಬೇರೆಬೇರೆಯಾಗಿ ತೂಗಬಲ್ಲವರಾಗಿದ್ದರು, ನಿನ್ನೆಯ ಆಟಕ್ಕಿಂತ ಇವತ್ತು ಎಲ್ಲಿ ಸಡಿಲವಾಯಿತೆಂದು ಜಗಳವಾಡುತ್ತಿದ್ದರು. ಈಗ ಹಾಗೆ ಬರೆಯಹೋದವನನ್ನು ವಿಮರ್ಶಕರ ಪಂಕ್ತಿಯಿಂದ ಎಬ್ಬಿಸಿ ಅಭಿಮಾನಿಗಳ ಸಂಘಕ್ಕೆ ಕಳಿಸುತ್ತಾರೆ. ನನ್ನನ್ನೂ ಕಳಿಸಿ ಬಹಳ ಕಾಲವಾಯಿತು.